ತಿಂಗಳುಗಟ್ಟಲೆ ನಿಂತ ಕುದುರೆಗೆ ಮತ್ತೆ ಜೀನು ಹಾಕುವ ಮುನ್ನ

"ಕುದುರೆ ಆರು ತಿಂಗಳಿಂದ ಲಾಯದಲ್ಲೇ ಇದೆ. ಈಗ ಸವಾರಿ ಶುರು ಮಾಡಬಹುದಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕಾರಣಗಳು ಮಾತ್ರ ಬೇರೆ ಬೇರೆ. ಸವಾರಿ ಮಾಡುತ್ತಿದ್ದ ಮಗಳು ಓದಲು ಬೇರೆ ಊರಿಗೆ ಹೋಗಿದ್ದಾಳೆ. ಮಳೆಗಾಲವೆಲ್ಲ ಕೆಸರು. ಹೆಣ್ಣು ಕುದುರೆ ಮರಿ ಹಾಕಿದೆ. ಬೆಂಗಳೂರು ಅಥವಾ ಮೈಸೂರಿನ ರೇಸ್‌ನಿಂದ ನಿವೃತ್ತಿಯಾದ ಕುದುರೆ ಯಾರದೋ ತೋಟದಲ್ಲಿ ಸುಮ್ಮನೆ ನಿಂತು, ಈಗ ನಿಮ್ಮ ಕೈಗೆ ಬಂದಿದೆ. ಎಲ್ಲರಿಗೂ ಉಪಯೋಗವಾಗಲಿ ಅಂತ ಇಡೀ ಕ್ರಮವನ್ನು ಒಂದೇ ಕಡೆ ಬರೆದಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಕುದುರೆಗೆ ಉಸಿರು ಬೇಗ ವಾಪಸ್ ಬರುತ್ತದೆ, ಕಾಲು ತಡವಾಗಿ ಬರುತ್ತದೆ. ಹೃದಯ, ಶ್ವಾಸಕೋಶ, ಮಾಂಸಖಂಡ ಕೆಲವೇ ವಾರಗಳಲ್ಲಿ ಚುರುಕಾಗುತ್ತವೆ. ಆದರೆ ಟೆಂಡನ್ (ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಹುರಿ), ಲಿಗಮೆಂಟ್ (ಎಲುಬಿಗೆ ಎಲುಬು ಕಟ್ಟುವ ಹುರಿ) ಮತ್ತು ಎಲುಬು ಗಟ್ಟಿಯಾಗಲು ತಿಂಗಳುಗಳೇ ಬೇಕು. ಗೊರಸಂತೂ ತಿಂಗಳಿಗೆ ಬೆಳೆಯುವುದೇ 6ರಿಂದ 10 ಮಿಲಿಮೀಟರ್. ಮೇಲಿನ ಅಂಚಿನಲ್ಲಿ ಹುಟ್ಟಿದ ಹೊಸ ಗೊರಸು ಮುಂತುದಿಗೆ ಇಳಿದು ಬರಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ.

ನಾಲ್ಕನೇ ವಾರದ ಹೊತ್ತಿಗೆ ಕುದುರೆ ಏದುಸಿರು ಬಿಡುವುದಿಲ್ಲ, ಓಡೋಣ ಅಂತ ಲಗಾಮು ಎಳೆಯುತ್ತದೆ, ಮೈ ಮಿಂಚುತ್ತದೆ. ನೋಡಿದವರೆಲ್ಲ "ರೆಡಿ ಆಯ್ತು" ಅನ್ನುತ್ತಾರೆ. ಟೆಂಡನ್ ಹರಿಯುವುದು ಹೆಚ್ಚಾಗಿ ಇಂಥ ಸಮಯದಲ್ಲೇ. ಕೆಳಗೆ ಹೇಳಿರುವ ಎಲ್ಲ ನಿಧಾನಕ್ಕೂ ಇದೊಂದೇ ಕಾರಣ.

ಎಷ್ಟು ಸಮಯ ಬೇಕು?

ಮೂರು ನಾಲ್ಕು ವಾರ ಮಾತ್ರ ಬಿಟ್ಟಿದ್ದರೆ ಹೆಚ್ಚೇನೂ ಕಳೆದುಕೊಂಡಿರುವುದಿಲ್ಲ. ಒಂದೆರಡು ವಾರ ಹಗುರವಾಗಿ ಮಾಡಿಸಿ ಮುಂದುವರಿಯಬಹುದು. ಮೂರರಿಂದ ಆರು ತಿಂಗಳು ಬಿಟ್ಟಿದ್ದರೆ ಕನಿಷ್ಠ 12 ವಾರ ಇಟ್ಟುಕೊಳ್ಳಿ. ವರ್ಷವೇ ಕಳೆದಿದ್ದರೆ, ಅಥವಾ ಕುದುರೆಗೆ ಹದಿನೈದು ದಾಟಿದ್ದರೆ, ನಾಲ್ಕರಿಂದ ಆರು ತಿಂಗಳು ಅಂದುಕೊಳ್ಳಿ.

ನಾನು ಇಲ್ಲಿ ಕೊಡುತ್ತಿರುವ ಕ್ರಮ ಆರೋಗ್ಯವಾಗಿದ್ದು, ಸುಮಾರು ಆರು ತಿಂಗಳು ಕೆಲಸವಿಲ್ಲದೆ ನಿಂತ ಕುದುರೆಗೆ. ಟೆಂಡನ್ ಪೆಟ್ಟು, ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರಕ್ಕೆ ಬರುವ ಉರಿಯೂತ) ಅಥವಾ ಶಸ್ತ್ರಚಿಕಿತ್ಸೆಯ ಕಾರಣಕ್ಕೆ ನಿಲ್ಲಿಸಿದ್ದರೆ ಇದನ್ನು ಅನುಸರಿಸಬೇಡಿ. ಟೆಂಡನ್ ಪೆಟ್ಟಿಗೆ ಅಲ್ಟ್ರಾಸೌಂಡ್ ಮಾಡಿಸಿ, ಅದನ್ನು ನೋಡಿದ ಪಶುವೈದ್ಯರು ಹಾಕಿಕೊಡುವ ಲೆಕ್ಕವೇ ಅಂತಿಮ. ಫ್ಲೂ ತರಹದ ಜ್ವರ ಬಂದು ಹೋಗಿದ್ದರೆ, ಜ್ವರ ಇದ್ದ ಒಂದೊಂದು ದಿನಕ್ಕೆ ಒಂದೊಂದು ವಾರ ವಿಶ್ರಾಂತಿ ಕೊಡುವುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಕೆಮ್ಮು ಪೂರ್ತಿ ನಿಲ್ಲದೆ ಟ್ರಾಟ್ (ನಡಿಗೆಗಿಂತ ವೇಗದ ಹಗುರ ಓಟ) ಯೋಚನೆಯೇ ಬೇಡ.

ಜೀನು ಮುಟ್ಟುವ ಮುನ್ನ ಮಾಡಬೇಕಾದ್ದು

1. ಪಶುವೈದ್ಯರಿಗೆ ತೋರಿಸಿ. ಹೃದಯ, ಶ್ವಾಸಕೋಶ, ಕಣ್ಣು, ಬೆನ್ನು, ಕಾಲು ಎಲ್ಲ ನೋಡಲಿ. ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್ ಮಾಡಿಸಿ ಕುಂಟು ಇದೆಯಾ ಅಂತ ನೋಡಲು ಹೇಳಿ. ಟೆಟನಸ್, ಫ್ಲೂ, ರೇಬಿಸ್ ಲಸಿಕೆಗಳ ದಿನಾಂಕ ನೋಡಿಕೊಳ್ಳಿ. ಸಗಣಿ ಪರೀಕ್ಷೆ ಮಾಡಿಸಿ, ಅದರ ಪ್ರಕಾರವೇ ಜಂತಿನ ಔಷಧ ಕೊಡಿ.

ನಮ್ಮ ದೇಶದಲ್ಲಿ ಇದರ ಜೊತೆಗೆ ರಕ್ತ ಪರೀಕ್ಷೆಯನ್ನೂ ಮಾಡಿಸಲೇಬೇಕು ಅನ್ನುತ್ತೇನೆ. ಸುರ್ರಾ ಅನ್ನುವ ಕಾಯಿಲೆ ರಕ್ತ ಹೀರುವ ದೊಡ್ಡ ನೊಣಗಳಿಂದ ಹರಡುತ್ತದೆ. ಜ್ವರ ಬಂದು ಹೋಗುತ್ತಿರುತ್ತದೆ, ಹೊಟ್ಟೆಯ ಕೆಳಗೆ ಮತ್ತು ಕಾಲಲ್ಲಿ ಬಾವು ಕಾಣುತ್ತದೆ, ತಿಂದರೂ ಮೈ ಹಿಡಿಯುವುದಿಲ್ಲ. ರಕ್ತ ಹೀರುವ ಉಣ್ಣೆ ಹುಳುವಿನಿಂದ (ಉಣುಗು) ಹರಡುವ ಪೈರೊಪ್ಲಾಸ್ಮೋಸಿಸ್ ಇನ್ನೊಂದು. ಎರಡೂ ಕುದುರೆಯ ಮೈಯಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಹುದು. ಮೈಗೆ ಶ್ರಮ ಬಿದ್ದಾಗ ಮತ್ತೆ ತಲೆ ಎತ್ತುತ್ತವೆ. "ಕೆಲಸ ಶುರು ಮಾಡಿದ ಮೇಲೆ ಯಾಕೋ ಸೊರಗಿದೆ" ಅನ್ನುವ ಎಷ್ಟೋ ಕುದುರೆಗಳಿಗೆ ಬೇಕಾಗಿರುವುದು ಜಾಸ್ತಿ ಹುರುಳಿ ಅಲ್ಲ, ಈ ಪರೀಕ್ಷೆ.

2. ಹಲ್ಲು. ಕುದುರೆಯ ಹಲ್ಲು ಜೀವನವಿಡೀ ವರ್ಷಕ್ಕೆ 2-3 ಮಿಲಿಮೀಟರ್ ಹೊರಬರುತ್ತಲೇ ಇರುತ್ತದೆ. ಸಮನಾಗಿ ಸವೆಯದಿದ್ದರೆ ಅಂಚು ಚೂಪಾಗಿ ಕೆನ್ನೆಯ ಒಳಭಾಗವನ್ನು ಕೊಯ್ಯುತ್ತದೆ. ಕಡಿವಾಣ ಹಾಕಿದಾಗ ತಲೆ ಒದರುವುದು, ಅಗಿದ ಹುಲ್ಲಿನ ಉಂಡೆ ಬಾಯಿಂದ ಬೀಳುವುದು ಇದರ ಲಕ್ಷಣ. ವರ್ಷಕ್ಕೊಮ್ಮೆಯಾದರೂ ಈ ಚೂಪು ಅಂಚನ್ನು ಅರದಿಂದ ಉಜ್ಜಿಸಬೇಕು.

3. ಗೊರಸು ಮತ್ತು ಲಾಳ. ವಿಶ್ರಾಂತಿಯಲ್ಲಿ ಲಾಳ ತೆಗೆದಿದ್ದರೆ ಶುರುವಿನ ನಡಿಗೆಗೆ ಬರಿಗಾಲೇ ಸಾಕಾಗಬಹುದು. ಕಲ್ಲು, ಟಾರು ಇದ್ದರೆ ಲಾಳ ಬೇಕು. ಲಾಳ ಹೊಡೆಯುವವರು ಬಂದು ಹೋದ ಮೇಲೆ ಎರಡು ಮೂರು ದಿನ ಬಿಟ್ಟು ಕೆಲಸ ಶುರು ಮಾಡಿ. ಮೊಳೆ ಒಳಗೆ ಚುಚ್ಚಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ಆಮೇಲೆ ಪ್ರತಿ 4ರಿಂದ 6 ವಾರಕ್ಕೊಮ್ಮೆ ಅವರನ್ನು ಕರೆಸುವುದನ್ನು ತಪ್ಪಿಸಬೇಡಿ. ಉದ್ದ ಬೆಳೆದ ಮುಂತುದಿ ಹಿಂಭಾಗದ ಟೆಂಡನ್ನನ್ನು ಪ್ರತಿ ಹೆಜ್ಜೆಗೂ ಎಳೆಯುತ್ತದೆ. ಕಾಲನ್ನು ಕಾಪಾಡುತ್ತೇವೆ ಅಂತ ಹೊರಟು ಇಲ್ಲಿ ಕಾಸು ಉಳಿಸುವುದರಲ್ಲಿ ಅರ್ಥವಿಲ್ಲ.

4. ತೂಕ. ತೂಕದ ಯಂತ್ರ ಇಲ್ಲದಿದ್ದರೂ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿ ಇರಲಿ. ಸುತ್ತಳತೆ × ಸುತ್ತಳತೆ × ಉದ್ದ, ಅದನ್ನು 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕ ಬರುತ್ತದೆ. ಸುತ್ತಳತೆ 180, ಉದ್ದ 160 ಇದ್ದರೆ ಸುಮಾರು 436 ಕಿಲೋ.

ಈ ಲೆಕ್ಕ ಸವಾರರಿಗೂ ಬೇಕು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ. 20 ಮೀರಬಾರದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬೆನ್ನಿನ ಮಾಂಸ ಇಳಿದ ಕುದುರೆಗೆ ಶೇ. 15ಕ್ಕೇ ನಿಲ್ಲಿಸುವುದು ಒಳ್ಳೆಯದು. ಮೇಲಿನ ಕುದುರೆಗೆ ಅದು 65 ಕಿಲೋ. ಮನೆಯಲ್ಲಿ ಇಬ್ಬರು ಸವಾರರಿದ್ದರೆ ಮೊದಲ ತಿಂಗಳು ಹಗುರ ಇರುವವರೇ ಹತ್ತಲಿ. ಪಕ್ಕೆಲುಬು ಎದ್ದು ಕಾಣುತ್ತಿದ್ದರೆ ಮೊದಲು ಮೈ ತುಂಬಿಸಿ, ಸವಾರಿ ಆಮೇಲೆ. ತುಂಬಾ ದಪ್ಪಗಾಗಿದ್ದರೆ ನಡಿಗೆಯ ಹಂತವನ್ನೇ ಉದ್ದ ಮಾಡಿ. ಬೊಜ್ಜು ಹೊತ್ತ ಮೈ ಅಂದರೆ ಕಾಲಿನ ಮೇಲೆ ಇನ್ನೊಂದು ಸವಾರಿ ಇದ್ದಂತೆ.

5. ಜೀನು. ಆರು ತಿಂಗಳ ಹಿಂದೆ ಸರಿಯಾಗಿ ಕೂರುತ್ತಿದ್ದ ಜೀನು ಈಗ ಕೂರುತ್ತದೆ ಅನ್ನುವ ಖಾತ್ರಿ ಇಲ್ಲ. ಬೆನ್ನುಮೂಳೆಯ ಎರಡೂ ಕಡೆಯ ಮಾಂಸ ಇಳಿದಿರುತ್ತದೆ. ಕೆಳಗೆ ಬಟ್ಟೆ ಹಾಕದೆ ಜೀನನ್ನು ಹಾಗೇ ಬೆನ್ನ ಮೇಲಿಟ್ಟು ನೋಡಿ. ವಿದರ್ಸ್ (ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆಯ ಎತ್ತರದ ಮೂಳೆ) ಮತ್ತು ಜೀನಿನ ಮುಂಭಾಗದ ನಡುವೆ ಎರಡು ಮೂರು ಬೆರಳು ಸಲೀಸಾಗಿ ಹೋಗಬೇಕು. ನಡುವಿನ ಕಾಲುವೆಯಲ್ಲಿ ಹಿಂದಿನಿಂದ ನೋಡಿದರೆ ಬೆಳಕು ಕಾಣಬೇಕು. ದಪ್ಪ ಪ್ಯಾಡ್ ತುರುಕಿ ಸರಿ ಮಾಡಿದೆವು ಅಂದುಕೊಂಡರೆ ಒತ್ತಡ ಇನ್ನೊಂದು ಜಾಗಕ್ಕೆ ಹೋಗುತ್ತದೆ, ಅಷ್ಟೇ.

ಚರ್ಮದ ಪಟ್ಟಿಗಳನ್ನೂ ನೋಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿದು, ಬೇಸಿಗೆಯಲ್ಲಿ ಒಣಗಿದ ಚರ್ಮ ಹೊಲಿಗೆ ಇರುವ ಕಡೆ ಪಟ್ಟನೆ ಹರಿಯುತ್ತದೆ. ಗರ್ತ್ (ಜೀನನ್ನು ಬಿಗಿಯುವ ಹೊಟ್ಟೆಪಟ್ಟಿ) ಸಿಕ್ಕಿಸುವ ಪಟ್ಟಿ, ರಿಕಾಪಿನ ಪಟ್ಟಿ, ಲಗಾಮು, ಈ ಮೂರನ್ನು ಬಗ್ಗಿಸಿ, ಜಗ್ಗಿ ಪರೀಕ್ಷಿಸಿ.

6. ಸುಮ್ಮನಿದ್ದಾಗಿನ ಲೆಕ್ಕ ಬರೆದಿಡಿ. ಬೆಳಿಗ್ಗೆ ಲಾಯದಲ್ಲಿ ಶಾಂತವಾಗಿ ನಿಂತಾಗ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಬಿಸಿ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್ ಇರಬೇಕು. ನಾಡಿಯನ್ನು ಕೆಳದವಡೆಯ ಒಳ ಅಂಚಿನಲ್ಲಿ ನೋಡಬೇಕು. ಅಲ್ಲಿ ಬೆರಳಿಗೆ ಜಾರುವ ಹುರಿಯಂಥ ನಾಳ ಸಿಗುತ್ತದೆ. ಮೆತ್ತಗೆ ಒತ್ತಿ, 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಹೆಬ್ಬೆರಳು ಬಳಸಬೇಡಿ, ನಿಮ್ಮದೇ ನಾಡಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಂದು ವಾರ ಬರೆದರೆ ನಿಮ್ಮ ಕುದುರೆಯ ಸಾಮಾನ್ಯ ಯಾವುದು ಅಂತ ಗೊತ್ತಾಗುತ್ತದೆ. ಮುಂದೆ ಎಲ್ಲ ಹೋಲಿಕೆಯೂ ಇದರ ಜೊತೆಗೇ.

ಮೇವು: ಕೆಲಸ ಮೊದಲು, ಕಾಳು ಆಮೇಲೆ

"ನಾಳೆಯಿಂದ ಸವಾರಿ, ಇವತ್ತಿನಿಂದಲೇ ಹುರುಳಿ ಜಾಸ್ತಿ ಮಾಡಿ" ಅನ್ನುವುದು ಅನೇಕ ಲಾಯಗಳಲ್ಲಿ ನಡೆಯುವ ತಪ್ಪು. ಕೆಲಸ ಹೆಚ್ಚಿದ ಮೇಲೆ ಕಾಳು ಹೆಚ್ಚಬೇಕು. ರಜೆಯ ದಿನ ಕಾಳು ಅರ್ಧಕ್ಕೆ ಇಳಿಯಬೇಕು.

ಹಿಂದಿನ ಕಾಲದಲ್ಲಿ ಗಾಡಿ ಎಳೆಯುವ ಕುದುರೆಗಳಿಗೆ ಭಾನುವಾರ ರಜೆ, ಕಾಳು ಮಾತ್ರ ಪೂರ್ತಿ. ಸೋಮವಾರ ಬೆಳಿಗ್ಗೆ ಗಾಡಿಗೆ ಕಟ್ಟಿದರೆ ಹಿಂಭಾಗ ಹಿಡಿದುಕೊಂಡು ನಿಂತುಬಿಡುತ್ತಿದ್ದವು. ಇದನ್ನು ಇಂಗ್ಲಿಷಿನವರು ಸೋಮವಾರದ ಕಾಯಿಲೆ ಅಂತಲೇ ಕರೆದರು. ಈಗಿನ ಲಾಯಗಳಲ್ಲಿ ಟೈಯಿಂಗ್ ಅಪ್ ಅನ್ನುತ್ತಾರೆ. ಕೆಲಸ ಶುರುವಾದ ಸ್ವಲ್ಪ ಹೊತ್ತಿಗೇ ಬೆವರು ಕಿತ್ತು ಬರುತ್ತದೆ, ಪೃಷ್ಠದ ಮಾಂಸ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಹೆಜ್ಜೆ ಎತ್ತಲು ಆಗುವುದಿಲ್ಲ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಹೀಗಾದರೆ ಅಲ್ಲೇ ಇಳಿಯಿರಿ. ನಡೆಸಿಕೊಂಡು ಲಾಯಕ್ಕೆ ಒಯ್ಯಬೇಡಿ. ಜೀನು ತೆಗೆದು, ನೆರಳು, ನೀರು ಕೊಟ್ಟು ವೈದ್ಯರನ್ನು ಅಲ್ಲಿಗೇ ಕರೆಸಿ.

ದಿನದ ಮೇವಿನಲ್ಲಿ ಹುಲ್ಲೇ ಮುಖ್ಯ. ಮೈತೂಕದ ಶೇ. 1.5ರಿಂದ 2ರಷ್ಟು ಒಣಹುಲ್ಲು ಬೇಕು. 436 ಕಿಲೋ ಕುದುರೆಗೆ ದಿನಕ್ಕೆ ಆರೂವರೆಯಿಂದ ಒಂಬತ್ತು ಕಿಲೋ. ಕಾಳು ಒಂದು ಹೊತ್ತಿಗೆ ಎರಡು ಕಿಲೋ ದಾಟಬಾರದು, ಶುರುವಿನ ವಾರಗಳಲ್ಲಿ ಅಷ್ಟೂ ಬೇಡ. ಯಾವುದೇ ಬದಲಾವಣೆಯನ್ನು 7ರಿಂದ 10 ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಿ. ಇಲ್ಲದಿದ್ದರೆ ಕೋಲಿಕ್ (ಹೊಟ್ಟೆನೋವು, ಕುದುರೆಯ ಜೀವ ತೆಗೆಯುವಂಥದ್ದು) ಬರಬಹುದು.

ಬೂಸದ ಬಗ್ಗೆ ಎರಡು ಮಾತು. ಅಗ್ಗ, ಕುದುರೆ ಇಷ್ಟಪಟ್ಟು ತಿನ್ನುತ್ತದೆ ಅಂತ ಗೋಧಿ ಬೂಸವನ್ನೇ ಬಕೆಟ್‌ಗಟ್ಟಲೆ ಹಾಕುವವರಿದ್ದಾರೆ. ಬೂಸದಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ತೀರಾ ಕಡಿಮೆ. ಆ ಕೊರತೆ ತುಂಬಲು ಮೈ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಎಲುಬು ಗಟ್ಟಿ ಮಾಡಿಕೊಳ್ಳಬೇಕಾದ ಈ ಹನ್ನೆರಡು ವಾರಗಳಲ್ಲಿ ಅದರಷ್ಟು ಕೆಟ್ಟದ್ದು ಬೇರೆ ಇಲ್ಲ. ಬೂಸ ಒಂದೆರಡು ಹಿಡಿಗೆ ಇಳಿಸಿ. ಕ್ಯಾಲ್ಸಿಯಂ ಚೆನ್ನಾಗಿರುವ ಲೂಸರ್ನ್ ಸ್ವಲ್ಪ ಸೇರಿಸಿ. ನಮ್ಮ ರೈತರು ಅದನ್ನು ಕುದುರೆ ಮಸಾಲೆ ಸೊಪ್ಪು ಅನ್ನುತ್ತಾರೆ. ದಿನಕ್ಕೆ 25-30 ಗ್ರಾಂ ಉಪ್ಪು ಇರಲಿ, ನೀರು ಯಾವಾಗಲೂ ಎದುರಿಗಿರಲಿ.

ಹನ್ನೆರಡು ವಾರದ ಹಂತಗಳು

ಎಲ್ಲ ಹಂತಕ್ಕೂ ಎರಡು ನಿಯಮ. ವಾರಕ್ಕೆ ಐದು ದಿನ ಕೆಲಸ, ಎರಡು ದಿನ ಬಿಡುವು. ಬಿಡುವು ಅಂದರೆ ಲಾಯದಲ್ಲಿ ಕಟ್ಟಿಹಾಕುವುದಲ್ಲ, ಪ್ಯಾಡಕ್‌ನಲ್ಲಿ (ಬೇಲಿ ಹಾಕಿದ ಬಯಲು) ಬಿಡುವುದು ಅಥವಾ ಕೈಯಲ್ಲಿ ಹಿಡಿದು ಸ್ವಲ್ಪ ಅಡ್ಡಾಡಿಸುವುದು. ಎರಡನೆಯದು, ಒಂದು ವಾರದಲ್ಲಿ ಒಂದನ್ನು ಮಾತ್ರ ಹೆಚ್ಚಿಸಿ. ಸಮಯ ಹೆಚ್ಚಿಸಿದರೆ ವೇಗ ಹಾಗೇ ಇರಲಿ, ವೇಗ ಹೆಚ್ಚಿಸಿದರೆ ಸಮಯ ಹಾಗೇ ಇರಲಿ.

ಹಂತ 1: ಕೈಯಲ್ಲಿ ಹಿಡಿದು ನಡಿಗೆ (ವಾರ 1-2). ದಿನಕ್ಕೆ 15-20 ನಿಮಿಷದಿಂದ ಶುರು, ಎರಡನೇ ವಾರದ ಕೊನೆಗೆ 40 ನಿಮಿಷ. ಸಮತಟ್ಟಾದ, ಗಟ್ಟಿ ನೆಲ ಇರಲಿ. ಕಾಲು ಹೂತುಹೋಗುವ ಮರಳು ಮೆತ್ತಗಿದೆ ಅಂತ ಒಳ್ಳೆಯದು ಅಂದುಕೊಳ್ಳಬೇಡಿ, ಅದು ಟೆಂಡನ್ನಿಗೆ ಭಾರಿ ಕೆಲಸ ಕೊಡುತ್ತದೆ. ಕುದುರೆಯ ಭುಜದ ಪಕ್ಕ ನಡೆಯಿರಿ, ಎದುರಿಗೆ ಬೇಡ. ತಲೆಗೆ ಹೆಲ್ಮೆಟ್, ಕೈಗೆ ಗ್ಲೌಸ್. ಹಗ್ಗವನ್ನು ಕೈಗೆ ಯಾವತ್ತೂ ಸುತ್ತಿಕೊಳ್ಳಬೇಡಿ. ಬಹಳ ದಿನದ ಮೇಲೆ ಹೊರಬಂದ ಕುದುರೆ ಹಿಂಗಾಲ ಮೇಲೆ ಎದ್ದರೆ ನಿಮ್ಮ ಬೆರಳು ಉಳಿಯುವುದಿಲ್ಲ.

ಎರಡನೇ ವಾರದಿಂದ ಖಾಲಿ ಜೀನು ಹಾಕಿ ನಡೆಸಿ. ಗರ್ತ್ ಬೀಳುವ ಜಾಗದ ಚರ್ಮ ಮೆತ್ತಗಾಗಿರುತ್ತದೆ, ಸವಾರಿಯ ಮೊದಲ ದಿನವೇ ಉಜ್ಜಿ ಗಾಯವಾಗುವುದು ಅಲ್ಲೇ. ಗರ್ತ್ ಅನ್ನು ಒಂದೇ ಸಲ ಬಿಗಿಯದೆ, ಒಂದು ತೂತು ಬಿಗಿದು ನಾಲ್ಕು ಹೆಜ್ಜೆ ನಡೆಸಿ, ಮತ್ತೊಂದು ತೂತು. ತೆಗೆದ ಮೇಲೆ ಬೆವರು, ಕೂದಲು ತೊಳೆದು ಒಣಗಿಸಿ.

ಇಲ್ಲಿ ಎಲ್ಲರೂ ಕೇಳುವುದು ಲಂಜಿಂಗ್ ಬಗ್ಗೆ. ಲಂಜಿಂಗ್ ಅಂದರೆ ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತ ಓಡಿಸುವುದು. "ಹುರುಪು ಇಳಿಸೋಕೆ ಇಪ್ಪತ್ತು ನಿಮಿಷ ಲಂಜ್ ಮಾಡಿದೆ" ಅನ್ನುತ್ತಾರೆ. ಸಣ್ಣ ವೃತ್ತದಲ್ಲಿ ಓಡುವ ಕುದುರೆ ಒಳಗಡೆಯ ಕಾಲಿನ ಮೇಲೆ ವಾಲುತ್ತದೆ, ಕೀಲುಗಳು ತಿರುಚುತ್ತವೆ. ಈ ಹಂತದಲ್ಲಿ ಅದು ಬೇಡವೇ ಬೇಡ. ಹುರುಪು ಜಾಸ್ತಿ ಇದ್ದರೆ ಕಾಳು ಇಳಿಸಿ, ಬಯಲಲ್ಲಿ ಬಿಡುವ ಹೊತ್ತು ಹೆಚ್ಚಿಸಿ.

ಹಂತ 2: ಸವಾರಿಯ ನಡಿಗೆ (ವಾರ 3-5). ನನ್ನ ಪ್ರಕಾರ ಇಡೀ ಕ್ರಮದಲ್ಲಿ ಅತಿ ಮುಖ್ಯವಾದ ಹಂತ ಇದು. ಬೇಜಾರು ಅಂತ ಎಲ್ಲರೂ ಕತ್ತರಿಸುವುದೂ ಇದನ್ನೇ. ಇಪ್ಪತ್ತು ನಿಮಿಷದಿಂದ ಶುರು ಮಾಡಿ ಐದನೇ ವಾರಕ್ಕೆ ಒಂದು ಗಂಟೆ. ಸುಮ್ಮನೆ ಕಾಲೆಳೆದುಕೊಂಡು ಹೋಗುವ ನಡಿಗೆ ಅಲ್ಲ. ಹಿಂಗಾಲು ಮುಂಗಾಲಿನ ಹೆಜ್ಜೆ ಗುರುತನ್ನು ಮುಟ್ಟುವಂಥ, ಎಲ್ಲಿಗೋ ಹೋಗಬೇಕು ಅನ್ನುವಂಥ ನಡಿಗೆ. ನೇರ ದಾರಿ, ದೊಡ್ಡ ತಿರುವು ಸಾಕು.

ಮೊದಲ ದಿನ ಹತ್ತುವಾಗ ಕಟ್ಟೆ ಅಥವಾ ಗಟ್ಟಿ ಸ್ಟೂಲ್ ಬಳಸಿ. ನೆಲದಿಂದ ಜಗ್ಗಿ ಹತ್ತಿದರೆ ಜೀನು ತಿರುಚಿ ವಿದರ್ಸ್‌ಗೆ ಏಟು. ಇನ್ನೊಬ್ಬರು ತಲೆಯ ಹತ್ತಿರ ಹಿಡಿದು ನಿಲ್ಲಲಿ, ಮೊದಲ ಕೆಲವು ದಿನ ಜೊತೆಗೇ ನಡೆಯಲಿ. ಗಾಳಿ ಜೋರಾಗಿರುವ ದಿನ, ಪಕ್ಕದಲ್ಲಿ ಪಟಾಕಿ ಅಥವಾ ಡೋಲು ಇರುವ ದಿನ ಮೊದಲ ಸವಾರಿ ಇಟ್ಟುಕೊಳ್ಳಬೇಡಿ. ಒಬ್ಬರೇ ಇದ್ದಾಗ ಹತ್ತಲೇಬೇಡಿ. ಸವಾರಿ ಬಿಟ್ಟಿದ್ದು ಕುದುರೆ ಮಾತ್ರ ಅಲ್ಲ, ಬಹಳ ಸಲ ನೀವೂ ಬಿಟ್ಟಿರುತ್ತೀರಿ, ಅಲ್ವಾ? ನಿಮ್ಮ ತೊಡೆ, ಸೊಂಟ ದಣಿದರೆ ಕುದುರೆಯ ಬೆನ್ನಿನ ಮೇಲೆ ಧಡಧಡ ಬೀಳುತ್ತೀರಿ. ನೀವೂ ವ್ಯಾಯಾಮ ಶುರು ಮಾಡಿ.

ಇಳಿದ ಮೇಲೆ ಜೀನಿನ ಕೆಳಗಿನ ಬಟ್ಟೆಯನ್ನು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬೆವರಿನ ಗುರುತು ಎರಡೂ ಕಡೆ ಒಂದೇ ಥರ ಇರಬೇಕು. ಸುತ್ತ ಎಲ್ಲ ಒದ್ದೆಯಾಗಿ ನಡುವೆ ಅಂಗೈಯಷ್ಟು ಜಾಗ ಒಣಗಿದ್ದರೆ, ಅಲ್ಲಿ ಜೀನು ಬಲವಾಗಿ ಒತ್ತುತ್ತಿರಬಹುದು. ಕುದುರೆಯ ಬೆನ್ನಿನ ಅದೇ ಜಾಗದಲ್ಲಿ ಬೆರಳ ತುದಿಯಿಂದ ಒತ್ತಿ ನೋಡಿ. ಬೆನ್ನು ತಗ್ಗಿಸಿತಾ, ಚರ್ಮ ನಡುಗಿಸಿತಾ, ಕಿವಿ ಹಿಂದಕ್ಕೆ ಹಾಕಿತಾ? ಹಾಗಾದರೆ ಜೀನು ಸರಿಪಡಿಸುವವರೆಗೆ ಸವಾರಿ ನಿಲ್ಲಿಸಿ, ಕೈ ನಡಿಗೆ ಮುಂದುವರಿಸಿ. ಒತ್ತಿದ ಜಾಗದಲ್ಲಿ ಆಮೇಲೆ ಬಿಳಿ ಕೂದಲು ಹುಟ್ಟುತ್ತದೆ, ಅದು ಹೋಗುವುದು ಕಷ್ಟ.

ರೇಸ್‌ನಿಂದ ಬಂದ ಕುದುರೆಗಳಿಗೆ ಒಂದು ಮಾತು. ಜಾಕಿಯನ್ನು ಕಾಲು ಹಿಡಿದು ಎತ್ತಿ ಕೂರಿಸುವುದು ಅವಕ್ಕೆ ರೂಢಿ. ಸವಾರ ಹತ್ತುತ್ತಿದ್ದಂತೆ ನಡೆಯಲು ಶುರು ಮಾಡುತ್ತವೆ. ಲಗಾಮು ಬಿಗಿದರೆ ನಿಲ್ಲುವ ಬದಲು ಅದಕ್ಕೇ ಒರಗಿ ವೇಗ ಹೆಚ್ಚಿಸುವ ಕುದುರೆಗಳೂ ಇವೆ. ಕಟ್ಟೆಯ ಪಕ್ಕ ಸುಮ್ಮನೆ ನಿಲ್ಲುವುದನ್ನು ಹಂತ 1ರಲ್ಲೇ ಕಲಿಸಿ. ಸವಾರಿಯ ಮೊದಲ ವಾರಗಳು ಬೇಲಿ ಇರುವ ಜಾಗದಲ್ಲೇ ಇರಲಿ.

ಹಂತ 3: ಟ್ರಾಟ್ (ವಾರ 6-8). ಟ್ರಾಟ್ ಅಂದರೆ ಮೂಲೆಗೆ ಮೂಲೆಯ ಕಾಲುಗಳು (ಎಡ ಮುಂಗಾಲು ಮತ್ತು ಬಲ ಹಿಂಗಾಲು, ಆಮೇಲೆ ಇನ್ನೆರಡು) ಜೋಡಿಯಾಗಿ ಬೀಳುವ ಓಟ. ಮೊದಲ ದಿನ ಒಂದೊಂದು ನಿಮಿಷದ ನಾಲ್ಕು ತುಂಡು, ನಡುವೆ ಎರಡು ಮೂರು ನಿಮಿಷ ನಡಿಗೆ. ಎಂಟನೇ ವಾರಕ್ಕೆ ಎಲ್ಲ ಸೇರಿ 15-20 ನಿಮಿಷ. ಶುರುವಿಗೆ 15 ನಿಮಿಷ, ಕೊನೆಗೆ 10 ನಿಮಿಷ ನಡಿಗೆ ಇದ್ದೇ ಇರಬೇಕು. ಟಾರು ರಸ್ತೆಯ ಮೇಲೆ ಟ್ರಾಟ್ ಬೇಡ. "ಗಟ್ಟಿ ನೆಲದಲ್ಲಿ ಓಡಿಸಿದರೆ ಕಾಲು ಗಟ್ಟಿಯಾಗುತ್ತದೆ" ಅನ್ನುವುದು ನಡಿಗೆಯ ಮಟ್ಟಿಗೆ ಸರಿ. ಟ್ರಾಟ್‌ನ ಏಟು ಬೇರೆಯೇ.

ಕೆಲಸ ನಿಲ್ಲಿಸಿ ಹತ್ತು ನಿಮಿಷದ ಮೇಲೆ ನಾಡಿ ನೋಡಿ. 60ಕ್ಕಿಂತ ಕೆಳಗೆ ಬಂದಿರಬೇಕು. ಬಂದಿಲ್ಲ ಅಂದರೆ ಆ ದಿನದ ಕೆಲಸ ಜಾಸ್ತಿಯಾಯಿತು, ಬಿಸಿಲು ಜೋರಿತ್ತು, ಅಥವಾ ಎಲ್ಲೋ ನೋವಿದೆ. ಬೇಗ ಬಂದರೂ ಕಾಲು ತಯಾರಾಗಿದೆ ಅಂತ ಅರ್ಥವಲ್ಲ. ನಾಡಿ ಹೇಳುವುದು ಉಸಿರಿನ ಸುದ್ದಿ ಮಾತ್ರ.

ಹಂತ 4: ಕ್ಯಾಂಟರ್ (ವಾರ 9-10). ಕ್ಯಾಂಟರ್ ಅಂದರೆ ಟ್ರಾಟ್‌ಗಿಂತ ವೇಗದ, ನಾಗಾಲೋಟಕ್ಕಿಂತ ನಿಧಾನದ ಓಟ. ನೇರ ದಾರಿಯಲ್ಲಿ ಒಂದೊಂದು ನಿಮಿಷದ ಎರಡು ತುಂಡು, ದಿನ ಬಿಟ್ಟು ದಿನ. ಕ್ಯಾಂಟರ್‌ನಲ್ಲಿ ಒಂದು ಮುಂಗಾಲು ಇನ್ನೊಂದಕ್ಕಿಂತ ಮುಂದೆ ಬೀಳುತ್ತದೆ, ಎರಡಕ್ಕೂ ಸಮವಾಗಿ ಸರದಿ ಕೊಡಿ. ಒಂದು ಕಡೆ ಮಾತ್ರ ಕ್ಯಾಂಟರ್ ಹಿಡಿಯಲು ಒಪ್ಪದಿದ್ದರೆ ಹಠ ಅಂತ ಹೊಡೆಯಬೇಡಿ, ಆ ಕಡೆಯ ಕಾಲು ಅಥವಾ ಬೆನ್ನು ನೋಯುತ್ತಿದೆಯಾ ಅಂತ ತೋರಿಸಿ.

ಹಂತ 5: ಏರು, ಕೋಲು, ನೆಗೆತ (ವಾರ 11-12ರಿಂದ). ಸಣ್ಣ ಏರು ಹತ್ತಿಸುವುದು ಹಿಂಭಾಗಕ್ಕೆ ಒಳ್ಳೆಯದು. ಇಳಿಯುವಾಗ ನಡಿಗೆ ಮಾತ್ರ. ನೆಲದ ಮೇಲೆ ಕೋಲಿಟ್ಟು ದಾಟಿಸುವುದು ಮೊದಲು, ಸಣ್ಣ ನೆಗೆತ ಆಮೇಲೆ, ವಾರಕ್ಕೆ ಎರಡು ಸಲ ಮೀರದಂತೆ. ಪೂರ್ತಿ ವೇಗದ ನಾಗಾಲೋಟ ಮೂರು ತಿಂಗಳು ಮುಗಿಯುವವರೆಗೆ ಬೇಡ.

ದಿನಾ ಬೆಳಿಗ್ಗೆ ಕಾಲು ಮುಟ್ಟಿ ನೋಡುವುದು

ಇದಕ್ಕೆ ಐದು ನಿಮಿಷ ಸಾಕು. ಹೊರಗೆ ತೆಗೆಯುವ ಮುನ್ನವೇ ಮಾಡಬೇಕು. ಕೆಲಸ ಆದ ಮೇಲೆ ಎಲ್ಲ ಕಾಲೂ ಬಿಸಿಯಾಗಿಯೇ ಇರುತ್ತದೆ.

ಮುಂಗಾಲಿನ ಪಕ್ಕ ಕುಕ್ಕರುಗಾಲಲ್ಲಿ ಕೂರಿ, ಮಂಡಿ ಊರಬೇಡಿ, ಹಿಂದೆ ಸರಿಯಲು ಆಗಬೇಕು. ಅಂಗೈಯಿಂದ ಮೊದಲು ಎರಡೂ ಮುಂಗಾಲುಗಳ ಬಿಸಿ ಹೋಲಿಸಿ. ಆಮೇಲೆ ಮೊಣಕಾಲಿನ ಕೆಳಗೆ, ಹಿಂಭಾಗದಲ್ಲಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಟೆಂಡನ್ನನ್ನು ಹಿಡಿದು ಫೆಟ್‌ಲಾಕ್ (ಗೊರಸಿನ ಮೇಲಿನ ದಪ್ಪ ಗಂಟು) ವರೆಗೆ ನಿಧಾನಕ್ಕೆ ಇಳಿಸಿ. ಒಳ್ಳೆಯ ಟೆಂಡನ್ ನುಣುಪಾಗಿ, ಬಿಗಿಯಾಗಿ, ಅಂಚು ಸ್ಪಷ್ಟವಾಗಿ ಸಿಗುತ್ತದೆ. ಎಲ್ಲಾದರೂ ದಪ್ಪ, ಮೆತ್ತಗಿನ ಉಬ್ಬು, ಬಿಸಿ, ಅಥವಾ ಒತ್ತಿದಾಗ ಕಾಲು ಕಿತ್ತುಕೊಳ್ಳುವುದು ಕಂಡರೆ ಅವತ್ತು ಕೆಲಸ ಇಲ್ಲ. ಕಾಲನ್ನು ಎತ್ತಿ ಹಿಡಿದು ಇನ್ನೊಮ್ಮೆ ಇದೇ ಥರ ನೋಡಿ. ಭಾರ ಇಲ್ಲದಾಗ ಸಣ್ಣ ಉಬ್ಬೂ ಕೈಗೆ ಸಿಗುತ್ತದೆ. ಕೊನೆಗೆ ಗೊರಸಿನ ಗೋಡೆಗೆ ಅಂಗೈ ಇಡಿ, ಫೆಟ್‌ಲಾಕ್‌ನ ಹಿಂದೆ ಎರಡೂ ಬದಿ ನಾಡಿ ಮುಟ್ಟಿ ನೋಡಿ. ಗೊರಸು ಬಿಸಿಯಾಗಿ, ನಾಡಿ ಜೋರಾಗಿ ಬಡಿಯುತ್ತಿದ್ದರೆ ಗೊರಸಿನೊಳಗೆ ತೊಂದರೆ ಇದೆ.

ಎರಡೂ ಹಿಂಗಾಲು ಸಮನಾಗಿ, ತಣ್ಣಗೆ ಊದಿಕೊಂಡು, ನಡೆಸಿದ ಮೇಲೆ ಇಳಿದರೆ ಅದು ಹೆಚ್ಚಾಗಿ ನಿಂತು ನಿಂತು ಬಂದ ಬಾವು. ಒಂದೇ ಕಾಲು, ಅದೂ ಬಿಸಿ ಇದ್ದರೆ ವೈದ್ಯರನ್ನು ಕರೆಸಿ. ಲಾಯದಲ್ಲಿ ಸಾಯಿಸ್ (ಕುದುರೆ ನೋಡಿಕೊಳ್ಳುವವರು) ಇದ್ದರೆ ಈ ಪರೀಕ್ಷೆಯನ್ನು ಅವರ ಜೊತೆ ಸೇರಿ ಮಾಡಿ. ದಿನಾ ಮೈ ಉಜ್ಜುವ ಕೈಗೆ ಬದಲಾವಣೆ ನಿಮಗಿಂತ ಮೊದಲು ಗೊತ್ತಾಗುತ್ತದೆ. ಅವರು "ಇವತ್ತು ಬೇಡ ಸಾರ್" ಅಂದರೆ ಬೇಡ.

ನೋವಿನ ಮಾತ್ರೆ ಕೊಟ್ಟು ಕೆಲಸ ಮಾಡಿಸಬೇಡಿ. ಕುಂಟು ಮರೆಯಾಗುತ್ತದೆ, ಪೆಟ್ಟು ಒಳಗೇ ದೊಡ್ಡದಾಗುತ್ತದೆ.

ಬಿಸಿಲು, ಸೆಕೆ

ಬೆಂಗಳೂರು, ಮೈಸೂರಿನಲ್ಲಿ ವರ್ಷದ ಹೆಚ್ಚು ದಿನ ಬೆಳಗಿನ ಕೆಲಸಕ್ಕೆ ತೊಂದರೆ ಇಲ್ಲ. ಮಂಗಳೂರು ಕಡೆಯ ಸೆಕೆ, ಕಲಬುರಗಿ ಕಡೆಯ ಬಿಸಿಲು ಬೇರೆ ಮಾತು. ಅಲ್ಲಿ ಬೆಳಿಗ್ಗೆ ಏಳೂವರೆಯೊಳಗೆ ಲಾಯಕ್ಕೆ ವಾಪಸ್ ಬನ್ನಿ. ತಂಪಾದ ಊರಿನಿಂದ ತಂದ ಕುದುರೆಗೆ ಹೊಸ ಹವೆಗೆ ಒಗ್ಗಲು ಎರಡು ವಾರ ಕೊಡಿ, ಆಮೇಲೆ ಹಂತ 1.

ಬೆವರಿದ ಕುದುರೆಗೆ ತಣ್ಣೀರು ಹಾಕಿದರೆ ಮಾಂಸ ಹಿಡಿಯುತ್ತದೆ ಅನ್ನುವ ನಂಬಿಕೆ ಇನ್ನೂ ಇದೆ. ಅದು ನಿಜವಲ್ಲ. ಏದುಸಿರು ಬಿಡುತ್ತಿರುವ ಕುದುರೆಗೆ ನೆರಳಲ್ಲಿ ಮೈಯೆಲ್ಲ ನೀರು ಸುರಿಯುತ್ತಲೇ ಇರಿ, ಕುಡಿಯಲೂ ಕೊಡಿ. ಬಿಸಿಲಲ್ಲಿ ಕೆಲಸ ಮಾಡಿಯೂ ಮೈ ಒಣಗಿಯೇ ಇದ್ದು, ಮೂಗಿನ ಹೊಳ್ಳೆ ಅರಳಿಸಿ ಜೋರಾಗಿ ಉಸಿರಾಡುತ್ತಿದ್ದರೆ ಅದು ಬೆವರು ಬಾರದ ತೊಂದರೆ. ಸೆಕೆ ಹೆಚ್ಚಿರುವ ಊರುಗಳಲ್ಲಿ ಕಂಡುಬರುವಂಥದ್ದು. ತಕ್ಷಣ ತಣಿಸಿ, ವೈದ್ಯರಿಗೆ ಹೇಳಿ.

ನಡುವೆ ತಪ್ಪಿಹೋದರೆ

ಮಳೆ, ಮದುವೆ, ಜ್ವರ, ಏನಾದರೂ ಆಗಿಯೇ ಆಗುತ್ತದೆ. ಮೂರು ನಾಲ್ಕು ದಿನ ತಪ್ಪಿದರೆ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಿ, ಮೊದಲ ದಿನ ಅರ್ಧ ಕೆಲಸ ಮಾಡಿಸಿ. ಒಂದು ವಾರ ತಪ್ಪಿದರೆ ಒಂದು ವಾರ ಹಿಂದಕ್ಕೆ ಹೋಗಿ. ಮೂರು ವಾರಕ್ಕಿಂತ ಜಾಸ್ತಿಯಾದರೆ ಸವಾರಿಯ ನಡಿಗೆಗೆ, ಅಂದರೆ ಹಂತ 2ಕ್ಕೆ ವಾಪಸ್. ಕಾಲಿನ ಬಾವಿನಿಂದ ನಿಲ್ಲಿಸಿದ್ದರೆ ದಿನಗಳ ಲೆಕ್ಕವೇ ಬೇಡ. ವೈದ್ಯರು ಹೇಳಿದ ಮೇಲೆ ಕೈ ನಡಿಗೆಯಿಂದ ಶುರು ಮಾಡಿ. ನಿಲ್ಲಿಸಿದ ಅಷ್ಟೂ ದಿನ ಕಾಳು ಅರ್ಧಕ್ಕಿಂತ ಕೆಳಗೇ ಇರಲಿ, ಹುಲ್ಲು ಮಾತ್ರ ಪೂರ್ತಿ ಕೊಡಿ.